ಮಧ್ಯಾಹ್ನದ ನಿದ್ದೆ

"ಮಧ್ಯಾಹ್ನ ಮಲಗೋ ಬಿಡುವು ತೆಗೆದುಹಾಕಿದ್ರೆ ಸಂಜೆ ಬೇಗ ಮನೆಗೆ ಹೋಗಬಹುದು. ಒಪ್ಪಿಗೆ ಇದ್ದೋರು ಕೈ ಎತ್ತಿ," ಎಂದು ಸೂಪರ್‌ವೈಸರ್ ಲೊಕ್ ಕೂಗಿದ. ಬಿಯೆನ್ ಹೋವಾ ನಗರದ ಆ ಹೊಲಿಗೆ ಕಾರ್ಖಾನೆಯಲ್ಲಿ ಹೆಂಗಸರ ಕೈಗಳು ಒಟ್ಟಿಗೇ ಮೇಲೆದ್ದವು. ಹಿಯೆನ್ ಮಾತ್ರ ತನ್ನ ಮಿಷಿನ್ ಕೆಳಗೆ ಮಲಗಲು ಆಗತಾನೇ ಹಾಸಿದ್ದ ರಟ್ಟನ್ನು ನೋಡುತ್ತ ಕೂತಿದ್ದಳು.

ಮಗಳು ತೀರಿಕೊಂಡ ಮೇಲೆ ಮನೆಯಲ್ಲಿ ಅವಳಿಗೆ ಕಣ್ಣು ಹತ್ತುತ್ತಿರಲಿಲ್ಲ. ಪಕ್ಕದ ಪುಟ್ಟ ಚಾಪೆಯಿಂದ ಕೆಮ್ಮು ಕೇಳಿದಂತಾಗಿ ಎದ್ದು ಕೂರುತ್ತಿದ್ದಳು. ಇಲ್ಲಿ ದೀಪ ಆರಿ, ಮಿಷಿನ್‌ಗಳೆಲ್ಲ ಸುಮ್ಮನಾದಾಗ, ಗೆಳತಿ ಥಾಮ್‌ಳ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದರೆ ಸಾಕು, ಗಾಢವಾಗಿ ನಿದ್ದೆ ಬರುತ್ತಿತ್ತು. ಆ ನಿದ್ದೆಯ ಬಲದಲ್ಲೇ ಅವಳ ಕೈ ಸಂಜೆಯವರೆಗೆ ಓಡುತ್ತಿತ್ತು.

"ಏನಕ್ಕಾ, ಕೂತಲ್ಲೇ ನಿದ್ದೆ ಬಂತಾ?" ಥಾಮ್ ನಗುತ್ತ ಮೊಣಕೈಯಿಂದ ತಿವಿದಳು. "ಕೈ ಎತ್ತಕ್ಕಾ. ಇನ್ಮೇಲೆ ನನ್ನ ಮಗಳನ್ನ ಸ್ಕೂಲಿಂದ ನಾನೇ ಕರ್ಕೊಂಡು ಬರಬಹುದು. ದಿನಾ ಗೇಟಲ್ಲಿ ನಿಂತು ಅಳ್ತಾಳೆ." ಮಾತು ಬಾಯಿಂದ ಬಿದ್ದದ್ದೇ ಥಾಮ್ ನಾಲಿಗೆ ಕಚ್ಚಿಕೊಂಡಳು, ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸತೊಡಗಿದಳು.

ಹಿಯೆನ್ ಆ ಕೈಯನ್ನು ಹಿಡಿದು ಮತ್ತೆ ಮೇಲಕ್ಕೆತ್ತಿದಳು. ಆಮೇಲೆ ತನ್ನದನ್ನೂ ಎತ್ತಿದಳು. ಇನ್ನು ತಾನು ಎಲ್ಲಿ ಮಲಗುವುದು ಎಂದು ಅವಳಿಗೆ ತಿಳಿಯಲಿಲ್ಲ.