ಕಿವಿಯ ತೂತು

ದನದ ಡಾಕ್ಟರು ಎತ್ತಿನ ಕಿವಿ ಹಿಡಿದು ತೂತು ನೋಡಿದರು. “ಇದಕ್ಕೆ ಸೂಜಿ ಆಗಿದೆಯಲ್ಲ.”

“ಊಂ ಸ್ವಾಮಿ, ಗುಂಡ್ಲುಪೇಟೆ ಸಂತೇಲೇ ಆಕುಸ್ಬುಟ್ಟೆ,” ಎಂದ ಉಡಿಗಾಲದ ಪುಟ್ಟಮಲ್ಲಪ್ಪ.

ಕೊಟ್ಟಿಗೆಗಳನ್ನೇ ಬರಿದು ಮಾಡುವ ದೊಡ್ಡರೋಗ ಬಾರದಂತೆ ಸರ್ಕಾರ ಸೂಜಿ ಹಾಕಿದ ದನಕ್ಕೆ ಕಿವಿಯ ತೂತೇ ಗುರುತು. ಸೂಜಿಗೆ ಎತ್ತು ಜ್ವರ ಬಂದು ಮಲಗಿದರೆ ಉಳುಮೆ ಕೆಟ್ಟೀತೆಂದು ಅವನು ಚರ್ಮದ ಕೆಲಸದ ಪೀರ್ ಪಾಷಾನಿಂದ ಬರೀ ತೂತು ಹೊಡೆಸಿದ್ದ.

ಡಾಕ್ಟರು ಪಕ್ಕದ ಮನೆಯ ಹಸುವಿನತ್ತ ತಿರುಗಿದರು. ಗೆದ್ದ ಖುಷಿಯಲ್ಲಿ ಪುಟ್ಟಮಲ್ಲಪ್ಪ ಎತ್ತಿನ ಮೂತಿ ಸವರಿದ. ಅಂಗೈಗಂಟಿದ ಜೊಲ್ಲು ನೂಲಿನಂತೆ ಎಳೆದುಕೊಂಡು ಬಂತು. ಬೆಳಿಗ್ಗೆ ಇಟ್ಟ ಹುರುಳಿಯೂ ಬಾನಿಯಲ್ಲಿ ಹಾಗೇ ಇತ್ತು.

“ಊರಲ್ಲಿ ಯಾವುದಾದ್ರೂ ದನ ಮೇವು ಬಿಟ್ಟು ಜೊಲ್ಲು ಸುರಿಸ್ತಿದೆಯೇನಪ್ಪ? ರೋಗ ಶುರುವಾಗೋದೇ ಹಾಗೆ,” ಡಾಕ್ಟರು ಸೂಜಿಗೆ ಮದ್ದು ತುಂಬುತ್ತಲೇ ಕೇಳಿದರು.

ಪುಟ್ಟಮಲ್ಲಪ್ಪ ಒದ್ದೆ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದ.

“ನಮ್ಮೂರಲ್ಲಿ ಇಲ್ಲ ಬುಡಿ ಸ್ವಾಮಿ.”