ನೆಟ್ಟಗಾಗದ ತೋಳು

“ಆ ಕಾಲದ ಬೌಲರ್‌ಗಳನ್ನ ಈಗಿನವರ ಪಕ್ಕ ನಿಲ್ಲಿಸಬೇಡಿ,” ಎಂದರು ಪ್ಯಾಂಟಿನ ಅಂಚು ಬಿಚ್ಚಿಸಲು ಬಂದು ಬೆಂಚಿನ ಮೇಲೆ ಕೂತಿದ್ದ ಮುದುಕರು. “ಈಗ ಹತ್ತಾರು ಕ್ಯಾಮೆರಾ ಇವೆ. ಆಗ ಯಾರು ಸರಿಯಾಗಿ ಬೌಲ್ ಮಾಡ್ತಿದ್ರು, ಯಾರು ಕಲ್ಲೆಸೆದ ಹಾಗೆ ಎಸೀತಿದ್ರು, ಯಾರಿಗ್ಗೊತ್ತು?”

“ಸುಮ್ನಿರಿ ಸಾರ್!” ಟೈಲರ್ ಕತ್ತರಿ ಕೆಳಗಿಟ್ಟ. “ಈಗಿನವರು ನಾಲ್ಕು ಓವರ್ ಹಾಕಿ ಮಂಡಿಗೆ ಐಸ್ ಇಟ್ಕೊಂಡು ಕೂರ್ತಾರೆ. ಆಗಿನವರು ಇಪ್ಪತ್ತೈದು ಓವರ್ ಹಾಕಿ ಸೈಕಲ್ ತುಳ್ಕೊಂಡು ಮನೆಗೆ ಹೋಗೋರು. ಏನಪ್ಪಾ ಮೆಕ್ಯಾನಿಕ್, ನೀನು ಹೇಳು. ನೀನೂ ಬೌಲರ್ ತಾನೆ?”

ಅಂಗಿಯ ಅಳತೆ ಕೊಡಲು ಕನ್ನಡಿಯ ಮುಂದೆ ನಿಂತಿದ್ದ ಬಸ್ ಡಿಪೋ ಮೆಕ್ಯಾನಿಕ್, ಮುದುಕರು ಮಾತಿಗೊಮ್ಮೆ ಬಲಗೈಯನ್ನು ಅಡ್ಡಕ್ಕೆ ಚಾಚುತ್ತಿದ್ದುದನ್ನು ಕನ್ನಡಿಯಲ್ಲೇ ನೋಡುತ್ತಿದ್ದ. ಆ ಕೈಯನ್ನು ಅವನು ಮರೆಯುವಂತಿರಲಿಲ್ಲ. ಮೂವತ್ತೈದು ವರ್ಷಗಳ ಹಿಂದೆ, ಆಯ್ಕೆಗಾರರು ನೋಡಲು ಬಂದಿದ್ದ ದಿನ, ಅವನು ಚೆಂಡು ಎಸೆಯುತ್ತಾನೆಂದು ಒಂದೇ ಓವರಿನಲ್ಲಿ ಮೂರು ಸಲ ‘ನೋ ಬಾಲ್’ ಎಂದು ಚಾಚಿದ ಅಂಪೈರ್ ಕೈ ಅದು. ಆಮೇಲೆ ಅವನ ಕೈಗೆ ಯಾರೂ ಚೆಂಡು ಕೊಡಲಿಲ್ಲ. ಈ ಮನುಷ್ಯ ಇಷ್ಟು ದಿನ ಬಿಟ್ಟು, ಇದೇ ಅಂಗಡಿಗೆ ಬಂದು, ಇದೇ ಮಾತು ಯಾಕೆ ತೆಗೆದ? ಗುರುತು ಹಿಡಿದು ಚುಚ್ಚುತ್ತಿದ್ದಾನೋ?

“ಬಲಗೈ ಚಾಚು,” ಎಂದ ಟೈಲರ್ ಟೇಪು ಹಿಡಿದು. “ಎಲ್ಲಿ ಚಾಚ್ತೀಯ ಬಿಡು! ಸಾರ್, ಇವನದು ಹುಟ್ಟಿನಿಂದ ಸೊಟ್ಟ ಮೊಣಕೈ. ಎಳೆದ್ರೂ ನೆಟ್ಟಗಾಗಲ್ಲ. ಮೀಸೆ ಚಿಗುರಿದಾಗಿಂದ ಇವನ ಬಲತೋಳಿನ ಅಳತೆ ನಾನು ಬೇರೆಯಾಗೇ ತಗೊಳ್ಳೋದು.”

ಮುದುಕರು ಎದ್ದು ಬಂದರು. ಕನ್ನಡಕ ಸರಿಮಾಡಿಕೊಂಡು ಮೊದಲು ಮೊಣಕೈ ನೋಡಿದರು, ಆಮೇಲೆ ಮುಖ.

“ನೀನಾ?”

“ನಾನೇ. ಮಡಿಸಿದ ಕೈ ನೆಟ್ಟಗೆ ಮಾಡಿದ್ರೆ ತಾನೆ ಎಸೆದ ಹಾಗೆ? ಆಗದ್ದನ್ನ ನಾನು ಹೇಗೆ ಮಾಡ್ಲಿ? ಆವತ್ತು ನೀವು ಏನು ನೋಡಿದ್ರಿ ಸಾರ್?”

ಮುದುಕರು ಕನ್ನಡಕ ತೆಗೆದರು. “ನೋಡೋಕೆ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ ಕಣಪ್ಪ. ಆಟ ಶುರುವಾಗೋ ಮುಂಚೆ ನಿಮ್ಮ ಕ್ಯಾಪ್ಟನ್ ಬಂದಿದ್ದ. ‘ನನ್ನ ತಮ್ಮ ಚೆಂಡು ಎಸೀತಾನೆ, ನಾನು ಹೇಳಿದ್ರೆ ಮನೆ ಒಡೆಯುತ್ತೆ, ನೀವೇ ನೋಡ್ಕೊಳ್ಳಿ’ ಅಂದ. ಸ್ವಂತ ಅಣ್ಣನ ಮಾತನ್ನ ಹೇಗೆ ಅನುಮಾನಿಸಲಿ?”

ಮೆಕ್ಯಾನಿಕ್ ತೋಳಿನಿಂದ ಟೇಪು ಬಿಡಿಸಿಕೊಂಡ. ಅಣ್ಣ! ಅವನೂ ವೇಗದ ಬೌಲರ್. ಆ ದಿನ ಆಯ್ಕೆಗೆ ಇದ್ದದ್ದು ಒಂದೇ ಜಾಗ, ಅದು ಸಿಕ್ಕಿದ್ದು ಅಣ್ಣನಿಗೆ. ರಾತ್ರಿಯಿಡೀ ಅತ್ತ ತಮ್ಮನ ತಲೆ ನೇವರಿಸಿ, “ಆ ಅಂಪೈರ್‌ಗೆ ಒಳ್ಳೇದಾಗಲ್ಲ, ಬಿಡೋ” ಎಂದವನೂ ಅವನೇ. ಚಿಕ್ಕಂದಿನಲ್ಲಿ ಸೊಟ್ಟ ಕೈಗೆ ನೋವಾಗದಂತೆ ದಿನಾ ಅಂಗಿ ತೊಡಿಸುತ್ತಿದ್ದವನೂ ಅವನೇ.

ಈ ಮುದುಕ ಹೇಳುತ್ತಿರುವುದು ನಿಜವೋ, ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಿದ್ದಾನೋ? ಮೆಕ್ಯಾನಿಕ್ ಅಂಗಡಿಯ ಹೊರಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದ.

“ಏನೋ ಮರಿ, ಈ ಹೊತ್ತಲ್ಲಿ? ಎಲ್ಲಾ ಚೆನ್ನಾಗಿದ್ದೀರಾ ತಾನೆ?” ಎಂದಿನ ಅಕ್ಕರೆಯ ದನಿ.

“ಚೆನ್ನಾಗಿದ್ದೀವಿ ಅಣ್ಣಾ. ಟೈಲರ್ ಅಂಗಡೀಲಿ ಆವತ್ತಿನ ಅಂಪೈರ್ ಸಿಕ್ಕಿದ್ರು.”

ಅತ್ತ ಕಡೆ ಟಿವಿಯ ಸದ್ದು ಥಟ್ಟನೆ ನಿಂತಿತು. ತಗ್ಗಿದ ದನಿಯಲ್ಲಿ ಅಣ್ಣ ಕೇಳಿದ:

“ಅವರು ಇನ್ನೂ ಇದ್ದಾರಾ?”