ಹಿಂಬದಿಯ ರಟ್ಟು

"ಜೆರಾಕ್ಸ್ ಮಾಡೋ ಹಾಗಿಲ್ಲ ಅಮ್ಮ, ಕಾಪಿರೈಟ್ ಇದೆ. ಬರೆದವರ ಮಕ್ಕಳೆಲ್ಲ ಒಪ್ಪಬೇಕು," ಎಂದಿದ್ದಳು ಗ್ರಂಥಪಾಲಕಿ ಪದ್ಮಲತಾ. ತರಬೇತಿಯಲ್ಲಿ ಕಲಿತ ಕಾನೂನು ಅವಳಿಗೆ ಬಾಯಿಪಾಠವಾಗಿತ್ತು. ಹಾಳೆ ಉದುರುತ್ತಿದ್ದ ಹಳೆಯ ಪುಸ್ತಕವೊಂದನ್ನು ಹಿಡಿದು ಬಂದಿದ್ದ ಮುದುಕಿ ಅದನ್ನು ಮೇಜಿನ ಮೇಲಿಟ್ಟು ಹೋಗಿದ್ದಳು.

ತಿಂಗಳಾದ ಮೇಲೆ ತಮ್ಮನನ್ನು ಕರೆದುಕೊಂಡು ಬಂದಳು.

"ಬರೆದೋರು ನಮ್ಮಪ್ಪ. ಮಕ್ಕಳು ಅಂತ ಇರೋದು ನಾವಿಬ್ಬರೇ. ಇಬ್ಬರೂ ಒಪ್ಪಿದೀವಿ."

"ಹಾಗಾದ್ರೆ ಪೂರ್ತಿ ಪುಸ್ತಕ ಮಾಡಿಸಿಕೊಡ್ತೀನಿ ಅಮ್ಮ."

"ಪೂರ್ತಿ ಯಾಕವ್ವ? ಹಿಂದಿನ ರಟ್ಟೊಂದೇ ಸಾಕು. ಅಪ್ಪನ ಫೋಟೊ ಇರೋದು ಅದರಲ್ಲಿ ಮಾತ್ರ. ಇವನಿನ್ನೂ ಹೊಟ್ಟೇಲಿದ್ದಾಗಲೇ ಅಪ್ಪ ಹೋದರು, ಇವನು ಮುಖಾನೇ ನೋಡಿಲ್ಲ."

ಪದ್ಮಲತಾ ಕಪಾಟಿನಿಂದ ಪುಸ್ತಕ ತೆಗೆದಳು, ಕೊಡಲಿಲ್ಲ. ಈ ಅಮ್ಮ ಮತ್ತೆ ಬಂದಾಗ ಹಾಳೆ ಉದುರದಿರಲೆಂದು ಅವಳೇ ಅದನ್ನು ಬೈಂಡಿಂಗಿಗೆ ಕಳಿಸಿದ್ದಳು. ಹಳೆಯ ರಟ್ಟು ಕಿತ್ತೆಸೆದು, ಹಿಂದೂ ಮುಂದೂ ಬರೀ ಕೆಂಪು ರಟ್ಟು ಹಾಕಿಕೊಟ್ಟಿದ್ದರು.